ಸಣ್ಣ ಕಚೇರಿಯ ಗಣಕಜಾಲದಲ್ಲಿ ಸರ್ವರ್ ವರ್ಚುವಲೀಕರಣ: ಅಳವಡಿಕೆಯ ಹಂತಗಳು ಮತ್ತು ಮುನ್ನೆಚ್ಚರಿಕೆಗಳು

ಪೀಠಿಕೆ

ಹತ್ತರಿಂದ ಮೂವತ್ತು ಗಣಕಯಂತ್ರಗಳಿರುವ ಸಣ್ಣ ಕಚೇರಿಗಳಲ್ಲಿ ಎರಡು ಅಥವಾ ಮೂರು ಸರ್ವರ್‌ಗಳು ಇರುವುದು ಸಾಮಾನ್ಯ. ಒಂದು ಕಡತಗಳ ಸಂಗ್ರಹಕ್ಕೆ, ಇನ್ನೊಂದು ಲೆಕ್ಕಪತ್ರ ತಂತ್ರಾಂಶಕ್ಕೆ, ಮತ್ತೊಂದು ಜಾಲದ ವಿಳಾಸಗಳನ್ನು ಹಂಚುವ ಕಾರ್ಯಕ್ಕೆ ಮೀಸಲಾಗಿರುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಥಳ, ವಿದ್ಯುತ್ ಹಾಗೂ ನಿರ್ವಹಣೆ ಅಗತ್ಯವಾಗಿದ್ದರೂ ದಿನದ ಬಹುಪಾಲು ಅವಧಿಯಲ್ಲಿ ಇವುಗಳ ಸಾಮರ್ಥ್ಯದ ಅಲ್ಪ ಭಾಗ ಮಾತ್ರ ಬಳಕೆಯಾಗುತ್ತದೆ. ಇಂತಹ ಹಲವು ಸರ್ವರ್‌ಗಳನ್ನು ಒಂದೇ ಯಂತ್ರದೊಳಗೆ ಪ್ರತ್ಯೇಕವಾಗಿ ನಡೆಸುವ ವಿಧಾನವೇ ಸರ್ವರ್ ವರ್ಚುವಲೀಕರಣ.

ಇದರಿಂದ ವೆಚ್ಚ ತಗ್ಗುತ್ತದೆ ಮತ್ತು ನಿರ್ವಹಣೆ ಸುಲಭವಾಗುತ್ತದೆ. ಆದರೆ ಮೂರು ಯಂತ್ರಗಳ ಕೆಲಸ ಒಂದರ ಮೇಲೆ ಬಿದ್ದಾಗ ಮೂರರ ಅಪಾಯವೂ ಅದೊಂದರ ಮೇಲೆಯೇ ಬೀಳುತ್ತದೆ. ಹಿಂದೆ ಒಂದು ಸರ್ವರ್ ಕೆಟ್ಟರೆ ಒಂದು ಸೇವೆ ನಿಲ್ಲುತ್ತಿತ್ತು. ಈಗ ಕಚೇರಿಯ ಎಲ್ಲ ಸೇವೆಗಳೂ ಒಮ್ಮೆಗೇ ನಿಲ್ಲಬಹುದು. ಆದ್ದರಿಂದ ಬ್ಯಾಕಪ್ ವ್ಯವಸ್ಥೆಯನ್ನು ಅಳವಡಿಕೆಯ ನಂತರದ ಕೆಲಸವೆಂದು ಮುಂದೂಡದೆ, ಅಳವಡಿಕೆಯ ಮೊದಲ ಭಾಗವೆಂದೇ ಪರಿಗಣಿಸತಕ್ಕದ್ದು.

ವರ್ಚುವಲೀಕರಣದ ಹಿನ್ನೆಲೆ

ಈ ತಂತ್ರಜ್ಞಾನ ಹೊಸದಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಸಾಮಾನ್ಯ ಕಚೇರಿಗಳಲ್ಲಿ ಬಳಕೆಯಲ್ಲಿರುವ ಎಕ್ಸ್86 ಮಾದರಿಯ ಸಂಸ್ಕಾರಕಗಳು ಇಂತಹ ಬಳಕೆಯನ್ನು ಉದ್ದೇಶಿಸಿ ರೂಪುಗೊಂಡಿರಲಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆಯು ತಂತ್ರಾಂಶದ ಮೂಲಕವೇ ಈ ತೊಡಕನ್ನು ನಿವಾರಿಸಿ 2001ರಲ್ಲಿ ಸರ್ವರ್‌ಗಳಿಗೆ ಸಂಬಂಧಿಸಿದ ಉತ್ಪನ್ನಗಳನ್ನು ಹೊರತಂದಿತು. ಮುಂದೆ ಇಂಟೆಲ್ 2005ರಲ್ಲಿ ಹಾಗೂ ಎಎಂಡಿ 2006ರಲ್ಲಿ ಸಂಸ್ಕಾರಕದಲ್ಲಿಯೇ ಅಗತ್ಯ ಸೌಲಭ್ಯವನ್ನು ಒದಗಿಸಿದವು. 2007ರಲ್ಲಿ ಕೆವಿಎಂ ಎಂಬ ಘಟಕವು ಲಿನಕ್ಸ್ ಕರ್ನೆಲ್‌ನ ಭಾಗವಾಯಿತು. 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್‌ನೊಂದಿಗೆ ಹೈಪರ್-ವಿ ತಂತ್ರಾಂಶವನ್ನು ನೀಡಿತು. ಹೀಗೆ ಈ ಸೌಲಭ್ಯ ಸಣ್ಣ ಕಚೇರಿಗಳ ಕೈಗೂ ಎಟುಕಿತು.

ಯಂತ್ರಾಂಶದ ಮೇಲೆ ನೇರವಾಗಿ ನಿಂತು ಸಂಸ್ಕಾರಕ, ಸ್ಮೃತಿ, ಡಿಸ್ಕ್ ಹಾಗೂ ಜಾಲ ಸಂಪರ್ಕವನ್ನು ಹಂಚುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ನಡೆಯುವ ಯಂತ್ರ ಆತಿಥೇಯ ಗಣಕ. ಅದರೊಳಗೆ ರೂಪುಗೊಳ್ಳುವ ಪ್ರತಿಯೊಂದು ಸರ್ವರ್ ಒಂದು ವರ್ಚುವಲ್ ಯಂತ್ರ.

ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ

ಕಡತಗಳ ಹಂಚಿಕೆ ಮಾತ್ರ ಅಗತ್ಯವಿರುವ ಕಚೇರಿಗೆ ಜಾಲ ಸಂಗ್ರಹ ಸಾಧನವೊಂದು ಸಾಕು. ಅಲ್ಲಿ ವರ್ಚುವಲೀಕರಣ ಅನಗತ್ಯ ಹೊರೆಯಾಗುತ್ತದೆ. ಬೇರೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳ ಮೇಲೆ ನಡೆಯುವ ಎರಡು ಅಥವಾ ಹೆಚ್ಚು ಸೇವೆಗಳಿರುವ ಕಚೇರಿಗೆ ಇದು ಪ್ರಯೋಜನಕಾರಿ.

ಹಳೆಯ ಕಾರ್ಯಾಚರಣಾ ವ್ಯವಸ್ಥೆಯನ್ನು ವರ್ಚುವಲ್ ಯಂತ್ರಕ್ಕೆ ವರ್ಗಾಯಿಸಿದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ವಿಂಡೋಸ್ ಸರ್ವರ್ 2012 ಆವೃತ್ತಿಗೆ ನೀಡುತ್ತಿದ್ದ ವಿಸ್ತೃತ ಬೆಂಬಲವು 2023ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. ಯಂತ್ರ ಹೊಸದಾದರೂ ಅದರೊಳಗಿನ ಲೋಪ ಹಳೆಯದಾಗಿಯೇ ಉಳಿಯುತ್ತದೆ.

ಯಂತ್ರಾಂಶದ ಲೆಕ್ಕಾಚಾರ

ಸಂಸ್ಕಾರಕದ ಸಮಯವನ್ನು ವರ್ಚುವಲ್ ಯಂತ್ರಗಳು ಸರದಿಯಂತೆ ಹಂಚಿಕೊಳ್ಳಬಲ್ಲವು. ಆದುದರಿಂದ ನಾಲ್ಕು ಅಥವಾ ಎಂಟು ಕೋರ್‌ಗಳ ಸಂಸ್ಕಾರಕವು ಮೂರು ಸಣ್ಣ ಸರ್ವರ್‌ಗಳಿಗೆ ಸಾಕಾಗುತ್ತದೆ. ಸ್ಮೃತಿಯ ವಿಷಯ ಹಾಗಲ್ಲ. ಅದನ್ನು ಇರುವುದಕ್ಕಿಂತ ಹೆಚ್ಚು ಹಂಚಿದರೆ ಎಲ್ಲ ಸೇವೆಗಳೂ ನಿಧಾನಗೊಳ್ಳುತ್ತವೆ. ಒಂದು ಮಾದರಿ ಲೆಕ್ಕ ಹೀಗಿದೆ:

- ಕಡತಗಳ ಸರ್ವರ್: 4 ಜಿಬಿ
- ಲೆಕ್ಕಪತ್ರ ತಂತ್ರಾಂಶದ ವಿಂಡೋಸ್ ಸರ್ವರ್: 8 ಜಿಬಿ
- ಡಿಎನ್‌ಎಸ್ ಹಾಗೂ ಡಿಎಚ್‌ಸಿಪಿ ಸೇವೆಗಳು: 2 ಜಿಬಿ
- ಆತಿಥೇಯ ಗಣಕದ ಸ್ವಂತ ಬಳಕೆ: 4 ಜಿಬಿ

ಒಟ್ಟು 18 ಜಿಬಿ ಆಗುವುದರಿಂದ 32 ಜಿಬಿ ಸ್ಮೃತಿಯ ಯಂತ್ರವನ್ನು ಖರೀದಿಸುವುದು ಸೂಕ್ತ. ಉಳಿಯುವ 14 ಜಿಬಿ ವ್ಯರ್ಥವಲ್ಲ. ಬ್ಯಾಕಪ್‌ನಿಂದ ಮರಳಿ ಪಡೆದ ಯಾವುದೇ ಒಂದು ಸರ್ವರನ್ನು, ಮೂಲ ಸರ್ವರ್ ನಡೆಯುತ್ತಿರುವಾಗಲೇ, ಪರೀಕ್ಷಾರ್ಥವಾಗಿ ನಡೆಸಲು ಅದು ಬೇಕಾಗುತ್ತದೆ.

ಡಿಸ್ಕ್‌ಗಳು ಕನಿಷ್ಠ ಎರಡಿದ್ದು, ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಇರುವಂತೆ ಜೋಡಿಸಬೇಕು. ಯುಪಿಎಸ್ ಕಡ್ಡಾಯ, ವಿದ್ಯುತ್ ಕಡಿತವಾದಾಗ ಯುಎಸ್‌ಬಿ ತಂತಿಯ ಮೂಲಕ ಆತಿಥೇಯ ಗಣಕಕ್ಕೆ ಸೂಚನೆ ನೀಡಬಲ್ಲ ಮಾದರಿಯನ್ನೇ ಆಯ್ದುಕೊಳ್ಳಬೇಕು.

ತಂತ್ರಾಂಶದ ಆಯ್ಕೆ

ವಿಎಂವೇರ್ ಸಂಸ್ಥೆಯನ್ನು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ಸ್ವಾಧೀನಪಡಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶಾಶ್ವತ ಪರವಾನಗಿಗಳ ಮಾರಾಟ ನಿಂತಿತು. ಸಣ್ಣ ಕಚೇರಿಗಳು ಬಳಸುತ್ತಿದ್ದ ಇಎಸ್‌ಎಕ್ಸ್‌ಐ ಉಚಿತ ಆವೃತ್ತಿಯನ್ನು 2024ರ ಆರಂಭದಲ್ಲಿ ಹಿಂಪಡೆದು, 2025ರ ಏಪ್ರಿಲ್‌ನಲ್ಲಿ ಮತ್ತೆ ನೀಡಲಾಯಿತು. ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಉಚಿತವಾಗಿ ನೀಡುತ್ತಿದ್ದ ಹೈಪರ್-ವಿ ಸರ್ವರ್‌ನ ಕೊನೆಯ ಆವೃತ್ತಿ 2019ರದ್ದು. ವಿಂಡೋಸ್ ಸರ್ವರ್‌ನ ಅಂಗವಾಗಿ ಹೈಪರ್-ವಿ ಮುಂದುವರಿದಿದೆ. ಉಚಿತವೆಂಬ ಒಂದೇ ಕಾರಣಕ್ಕೆ ತಂತ್ರಾಂಶವನ್ನು ಆಯ್ದುಕೊಳ್ಳಬಾರದೆಂಬುದಕ್ಕೆ ಇವು ನಿದರ್ಶನಗಳು.

ಕೆವಿಎಂ ಆಧಾರಿತ ಮುಕ್ತ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್ ವಿಇ 2008ರಿಂದ ಲಭ್ಯವಿದ್ದು, ಡೆಬಿಯನ್ ಲಿನಕ್ಸ್ ಮೇಲೆ ರೂಪುಗೊಂಡಿದೆ. ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಗಳ ಅಳವಡಿಕೆಯ ಕುರಿತು ನೀತಿಯೊಂದನ್ನು ಪ್ರಕಟಿಸಿದೆ. ಮುಂದಿನ ಹಂತಗಳನ್ನು ಈ ತಂತ್ರಾಂಶವನ್ನು ಆಧರಿಸಿ ವಿವರಿಸಲಾಗಿದೆ. ತತ್ವಗಳು ಇತರ ತಂತ್ರಾಂಶಗಳಿಗೂ ಅನ್ವಯಿಸುತ್ತವೆ.

ಹೈಪರ್‌ವೈಸರ್ ಮುಕ್ತವಾಗಿದ್ದರೂ ಅದರೊಳಗಿನ ವಿಂಡೋಸ್‌ಗೆ ಪರವಾನಗಿ ಬೇಕೇ ಬೇಕು. ವಿಂಡೋಸ್ ಸರ್ವರ್ ಸ್ಟಾಂಡರ್ಡ್ ಆವೃತ್ತಿಯ ಪರವಾನಗಿಯನ್ನು ಆತಿಥೇಯ ಗಣಕದ ಎಲ್ಲ ಕೋರ್‌ಗಳಿಗೂ ಪಡೆದಲ್ಲಿ ಎರಡು ವರ್ಚುವಲ್ ಯಂತ್ರಗಳಲ್ಲಿ ಅದನ್ನು ಬಳಸಬಹುದು. ಕೋರ್‌ಗಳು ಕಡಿಮೆ ಇದ್ದರೂ ಕನಿಷ್ಠ 16 ಕೋರ್‌ಗಳ ಪರವಾನಗಿ ಪಡೆಯಬೇಕಾಗುತ್ತದೆ.

ಅಳವಡಿಕೆಯ ಹಂತಗಳು

1. ಹಳೆಯ ಸರ್ವರ್‌ಗಳ ಪೂರ್ಣ ಬ್ಯಾಕಪ್ ಪಡೆದು, ಅದರಿಂದ ಕೆಲವು ಕಡತಗಳನ್ನು ತೆರೆದು ಪರಿಶೀಲಿಸಬೇಕು.

2. ಹೊಸ ಯಂತ್ರದ ಬಯೋಸ್‌ನಲ್ಲಿ ವರ್ಚುವಲೀಕರಣ ಸೌಲಭ್ಯವನ್ನು ಸಕ್ರಿಯಗೊಳಿಸಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ ಇದು ವಿಟಿ-ಎಕ್ಸ್ ಎಂದೂ ಎಎಂಡಿ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ ಎಸ್‌ವಿಎಂ ಎಂದೂ ಕಾಣಿಸುತ್ತದೆ.

3. ತಂತ್ರಾಂಶವನ್ನು ಯುಎಸ್‌ಬಿ ಸಾಧನದಿಂದ ಅಳವಡಿಸಬೇಕು. ಆಯ್ದ ಡಿಸ್ಕ್‌ನಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುವುದರಿಂದ ಹಳೆಯ ಡಿಸ್ಕ್‌ಗಳನ್ನು ಈ ಯಂತ್ರಕ್ಕೆ ಜೋಡಿಸಿರಬಾರದು.

4. ಆತಿಥೇಯ ಗಣಕಕ್ಕೆ ಸ್ಥಿರ ಐಪಿ ವಿಳಾಸ ನೀಡಬೇಕು. ವಿಳಾಸ ಹಂಚುವ ಸರ್ವರ್ ಅದೇ ಯಂತ್ರದೊಳಗೆ ಇರುವುದರಿಂದ, ಆತಿಥೇಯ ಗಣಕವು ತನ್ನ ವಿಳಾಸಕ್ಕಾಗಿ ಅದನ್ನೇ ಅವಲಂಬಿಸಿದಲ್ಲಿ ಯಂತ್ರ ಮರುಚಾಲನೆಯಾದಾಗ ಇಕ್ಕಟ್ಟು ಉಂಟಾಗುತ್ತದೆ.

5. ಅಳವಡಿಕೆ ಮುಗಿದ ನಂತರ ಬೇರೊಂದು ಗಣಕದ ಬ್ರೌಸರ್‌ನಿಂದ 8006ನೇ ಪೋರ್ಟ್ ಮೂಲಕ ನಿರ್ವಹಣಾ ಪುಟವನ್ನು ತೆರೆಯಬಹುದು. ಚಂದಾ ಪಡೆಯದ ಕಚೇರಿಗಳು ಚಂದಾದಾರರಿಗೆ ಮೀಸಲಾದ ತಂತ್ರಾಂಶ ಭಂಡಾರದ ಬದಲು ಚಂದಾರಹಿತ ಭಂಡಾರವನ್ನು ಆಯ್ದುಕೊಳ್ಳಬೇಕು. ಇಲ್ಲವಾದಲ್ಲಿ ಭದ್ರತಾ ನವೀಕರಣಗಳು ಬರುವುದಿಲ್ಲ.

6. ವರ್ಚುವಲ್ ಯಂತ್ರಗಳನ್ನು ಒಂದೊಂದಾಗಿ ರಚಿಸಬೇಕು. ವೇಗದ ವರ್ಟ್‌ಐಒ ಡಿಸ್ಕ್ ವಿಧಾನವನ್ನು ಆಯ್ದಾಗ ವಿಂಡೋಸ್ ಅಳವಡಿಕೆಯ ವೇಳೆ ಡಿಸ್ಕ್ ಕಾಣಿಸದಿರುವುದು ಸಾಮಾನ್ಯ ತೊಡಕು. ಇದು ದೋಷವಲ್ಲ; ವರ್ಟ್‌ಐಒ ಚಾಲಕ ತಂತ್ರಾಂಶದ ಡಿಸ್ಕ್ ಪ್ರತಿಯನ್ನೂ ಜೋಡಿಸಿ ಚಾಲಕವನ್ನು ನೀಡಿದರೆ ಡಿಸ್ಕ್ ಕಾಣಿಸುತ್ತದೆ.

7. ಲೆಕ್ಕಪತ್ರ ತಂತ್ರಾಂಶ ಅಥವಾ ಡಿಜಿಟಲ್ ಸಹಿಗೆ ಯುಎಸ್‌ಬಿ ಕೀಲಿ ಬಳಕೆಯಲ್ಲಿದ್ದರೆ, ಅದು ವರ್ಚುವಲ್ ಯಂತ್ರದೊಳಗೆ ಕೆಲಸ ಮಾಡುವುದೇ ಎಂಬುದನ್ನು ವರ್ಗಾವಣೆಗೆ ಮೊದಲೇ ಪರೀಕ್ಷಿಸಬೇಕು.

8. ಯಂತ್ರಗಳು ಆರಂಭವಾಗುವ ಕ್ರಮವನ್ನು ನಿಗದಿಪಡಿಸಬೇಕು: ಮೊದಲು ಡಿಎನ್‌ಎಸ್ ಮತ್ತು ಡಿಎಚ್‌ಸಿಪಿ, ನಂತರ ಕಡತಗಳ ಸರ್ವರ್, ಕೊನೆಯಲ್ಲಿ ಲೆಕ್ಕಪತ್ರ ಸರ್ವರ್.

9. ಹಳೆಯ ಸರ್ವರ್ ಹಾಗೂ ಅದರ ವರ್ಚುವಲ್ ಪ್ರತಿ ಒಂದೇ ವೇಳೆ ಜಾಲದಲ್ಲಿರಬಾರದು. ಒಂದೇ ಹೆಸರು ಮತ್ತು ವಿಳಾಸದ ಎರಡು ಯಂತ್ರಗಳಿದ್ದಲ್ಲಿ ಸಿಬ್ಬಂದಿಯ ಅರ್ಧ ಕೆಲಸ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ದಾಖಲಾಗುವ ಸಂಭವವಿದೆ. ಹಳೆಯ ಯಂತ್ರವನ್ನು ಸ್ಥಗಿತಗೊಳಿಸಿ, ಅದರ ಡಿಸ್ಕ್‌ಗಳನ್ನು ಕನಿಷ್ಠ ಒಂದು ತಿಂಗಳು ಯಥಾಸ್ಥಿತಿಯಲ್ಲಿ ಕಾಯ್ದಿರಿಸುವುದು ಒಳಿತು.

ಬ್ಯಾಕಪ್ ವ್ಯವಸ್ಥೆ

ಬ್ಯಾಕಪ್ ಅಲ್ಲದ್ದನ್ನು ಬ್ಯಾಕಪ್ ಎಂದು ತಿಳಿಯುವುದರಿಂದ ಹೆಚ್ಚಿನ ನಷ್ಟ ಸಂಭವಿಸುತ್ತದೆ. ಪ್ರತಿಬಿಂಬಿತ ಡಿಸ್ಕ್‌ಗಳು ಒಂದು ಡಿಸ್ಕ್ ಕೆಟ್ಟಾಗ ಮಾತ್ರ ರಕ್ಷಿಸುತ್ತವೆ. ತಪ್ಪಾಗಿ ಅಳಿಸಿದ ಕಡತವು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಮರೆಯಾಗುತ್ತದೆ. ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವು ನವೀಕರಣಕ್ಕೆ ಮುನ್ನ ಹಿಂದಿನ ಸ್ಥಿತಿಯನ್ನು ಗುರುತಿಸಿಡಲು ಉಪಯುಕ್ತ. ಆದರೆ ಅದೂ ಅದೇ ಡಿಸ್ಕ್‌ನಲ್ಲಿ ಇರುವುದರಿಂದ ಡಿಸ್ಕ್‌ನೊಂದಿಗೇ ನಾಶವಾಗುತ್ತದೆ.

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಕಚೇರಿಯ ಹೊರಗೆ ಎಂಬ ನಿಯಮ ಸಣ್ಣ ಕಚೇರಿಗೂ ಸಾಧ್ಯ. ಪ್ರತಿ ರಾತ್ರಿ ಎಲ್ಲ ವರ್ಚುವಲ್ ಯಂತ್ರಗಳ ಬ್ಯಾಕಪ್ ಪ್ರತ್ಯೇಕ ಜಾಲ ಸಂಗ್ರಹ ಸಾಧನಕ್ಕೆ ಹೋಗುವಂತೆ ವೇಳಾಪಟ್ಟಿ ರೂಪಿಸಬೇಕು. ದಿನದ 7, ವಾರದ 4 ಹಾಗೂ ತಿಂಗಳ 6 ಪ್ರತಿಗಳನ್ನು ಉಳಿಸಿಕೊಳ್ಳುವುದು ಸೂಕ್ತ. ಇದರೊಂದಿಗೆ ಎರಡು ಬಾಹ್ಯ ಡಿಸ್ಕ್‌ಗಳನ್ನು ವಾರಕ್ಕೊಮ್ಮೆ ಅದಲು ಬದಲು ಮಾಡಿ, ಒಂದು ಸದಾ ಕಚೇರಿಯ ಹೊರಗೆ ಬೀಗದ ಭದ್ರತೆಯಲ್ಲಿ ಇರುವಂತೆ ನೋಡಿಕೊಳ್ಳಬೇಕು. ಡಿಸ್ಕ್ ಕಳುವಾದರೂ ಮಾಹಿತಿ ಸೋರದಂತೆ ಅದನ್ನು ಗೂಢಲಿಪೀಕರಿಸಿರಬೇಕು. ಆತಿಥೇಯ ಗಣಕವನ್ನು ವಶಪಡಿಸಿಕೊಂಡವರು ಅದಕ್ಕೆ ಜೋಡಿಸಿದ ಸಂಗ್ರಹವನ್ನೂ ಅಳಿಸಬಲ್ಲರು; ತಂತಿ ಕಳಚಿಟ್ಟ ಡಿಸ್ಕನ್ನು ಅಳಿಸಲಾರರು.

ಮೂರು ತಿಂಗಳಿಗೊಮ್ಮೆಯಾದರೂ ಮರುಸ್ಥಾಪನೆಯ ಪರೀಕ್ಷೆ ನಡೆಸತಕ್ಕದ್ದು. ಬ್ಯಾಕಪ್‌ನಿಂದ ಒಂದು ಸರ್ವರನ್ನು ಬೇರೆ ಸಂಖ್ಯೆಯಡಿ ಮರಳಿ ಪಡೆದು, ಅದರ ಜಾಲ ಸಂಪರ್ಕವನ್ನು ಕಡಿತಗೊಳಿಸಿ ಚಾಲನೆ ನೀಡಬೇಕು. ಹಿಂದಿನ ದಿನದ ಕೊನೆಯ ವೋಚರ್ ತೆರೆಯುವುದೇ ಎಂದು ಲೆಕ್ಕಪತ್ರ ಸಿಬ್ಬಂದಿಯೇ ನೋಡಬೇಕು. ಮರುಸ್ಥಾಪನೆಗೆ ತಗುಲಿದ ಸಮಯವನ್ನು ವಹಿಯಲ್ಲಿ ದಾಖಲಿಸಬೇಕು. ಯಂತ್ರ ಕೆಟ್ಟ ದಿನ ಕಚೇರಿ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದರ ವಿಶ್ವಾಸಾರ್ಹ ಅಂದಾಜು ಇದೊಂದೇ.

ಭದ್ರತೆ

2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶವು ಹಲವು ದೇಶಗಳ ಸಾವಿರಾರು ಆತಿಥೇಯ ಗಣಕಗಳ ಮೇಲೆ ದಾಳಿ ನಡೆಸಿ ವರ್ಚುವಲ್ ಯಂತ್ರಗಳ ಕಡತಗಳನ್ನು ಗೂಢಲಿಪೀಕರಿಸಿತು. ದಾಳಿಗೆ ಕಾರಣವೆಂದು ಪ್ರಮುಖವಾಗಿ ಗುರುತಿಸಲಾದ ಲೋಪಕ್ಕೆ ಎರಡು ವರ್ಷಗಳ ಹಿಂದೆ, 2021ರ ಫೆಬ್ರವರಿಯಲ್ಲಿಯೇ, ಪರಿಹಾರ ಬಿಡುಗಡೆಯಾಗಿತ್ತು. ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ಪಾಲಿಸುವುದು ಅವಶ್ಯ:

- ನಿರ್ವಹಣಾ ಪುಟವು ಯಾವುದೇ ಕಾರಣಕ್ಕೂ ಅಂತರಜಾಲದಿಂದ ನೇರವಾಗಿ ತೆರೆಯುವಂತಿರಬಾರದು.
- ನಿರ್ವಹಣೆಗೆ ಎರಡು ಹಂತದ ದೃಢೀಕರಣ ಬಳಸಬೇಕು. ಬ್ಯಾಕಪ್ ಸಾಧನದ ಗುಪ್ತಪದ ಬೇರೆಯೇ ಆಗಿರಬೇಕು.
- ನವೀಕರಣಕ್ಕೆಂದು ಪ್ರತಿ ತಿಂಗಳು ಒಂದು ದಿನವನ್ನು ನಿಗದಿಪಡಿಸಬೇಕು.
- ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳು ನಿಗದಿತ ಬಗೆಯ ಭದ್ರತಾ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಗಣಕಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು.

ಕಚೇರಿಯಲ್ಲಿ ಇಡಬೇಕಾದ ದಾಖಲೆ

ವರ್ಚುವಲ್ ಯಂತ್ರಗಳ ಪಟ್ಟಿ, ಐಪಿ ವಿಳಾಸಗಳು, ಆರಂಭದ ಕ್ರಮ, ಬ್ಯಾಕಪ್ ಇರುವ ಸ್ಥಳ ಹಾಗೂ ಮರುಸ್ಥಾಪನೆಯ ಹಂತಗಳನ್ನು ಕಾಗದದಲ್ಲಿ ಮುದ್ರಿಸಿ ಇಡಬೇಕು. ಗುಪ್ತಪದಗಳು ಹಾಗೂ ಗೂಢಲಿಪಿಯ ಕೀಲಿ ಮೊಹರು ಮಾಡಿದ ಲಕೋಟೆಯಲ್ಲಿ ಜವಾಬ್ದಾರಿಯುತ ಅಧಿಕಾರಿಯ ವಶದಲ್ಲಿರಬೇಕು. ಈ ವಿವರಗಳನ್ನು ಸರ್ವರ್‌ನೊಳಗಿನ ಕಡತದಲ್ಲಿ ಮಾತ್ರ ಇಟ್ಟಲ್ಲಿ, ಸರ್ವರ್ ನಿಂತ ದಿನ ಅವು ಸಿಗುವುದಿಲ್ಲ. ವ್ಯವಸ್ಥೆಯನ್ನು ಅಳವಡಿಸಿದ ತಂತ್ರಜ್ಞರು ಕಚೇರಿಯಲ್ಲಿ ಇಲ್ಲದ ದಿನವೂ ಮತ್ತೊಬ್ಬ ಸಿಬ್ಬಂದಿ ಈ ಹಾಳೆಗಳನ್ನು ನೋಡಿ ಸೇವೆಗಳನ್ನು ಪುನರಾರಂಭಿಸುವಂತಿದ್ದರೆ ಅಳವಡಿಕೆ ಪೂರ್ಣಗೊಂಡಿದೆ ಎಂದು ತಿಳಿಯಬಹುದು.