ಕಡಲಿನಲ್ಲಿ ಮೈನ್ ಬಿತ್ತಿದ ಜಲಾಂತರ್ಗಾಮಿಗಳು



ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹಿಂದೆ ಈಜು ಕಲಿಯುವ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೆರೆಗೆ ಇಳಿಯುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಬುರುಡೆಯೊಳಗೆ ಗಾಳಿ ತುಂಬಿರುವುದರಿಂದ ಅದು ಮುಳುಗದು. ಈಗ ಅಂಥ ಒಂದು ಬುರುಡೆಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಗೆ ಭಾರವಾದ ಕಲ್ಲು ಕಟ್ಟಿ ಕೆರೆಗೆ ಬಿಟ್ಟಿರೆಂದು ಭಾವಿಸಿ. ಕಲ್ಲು ತಳ ಸೇರುತ್ತದೆ. ಬುರುಡೆ ಮೇಲಕ್ಕೆ ಎಳೆಯುತ್ತದೆ, ಆದರೆ ಹಗ್ಗ ಬಿಡುವುದಿಲ್ಲ. ಹಗ್ಗದ ಅಳತೆ ಸರಿಯಾಗಿದ್ದರೆ ಬುರುಡೆಯು ನೀರಿನ ಮೇಲ್ಮೈಗಿಂತ ಎರಡು ಮೊಳ ಕೆಳಗೆ, ದಡದಲ್ಲಿ ನಿಂತವರ ಕಣ್ಣಿಗೆ ಬೀಳದಂತೆ, ಅಲ್ಲೇ ನಿಂತಿರುತ್ತದೆ.

ಆ ಬುರುಡೆಯ ಜಾಗದಲ್ಲಿ ನೂರು ಕಿಲೋಗ್ರಾಮಿಗೂ ಹೆಚ್ಚು ಸಿಡಿಮದ್ದು ತುಂಬಿದ ಉಕ್ಕಿನ ಗುಂಡು ಇದ್ದರೆ ಅದೇ ಕಡಲಿನ ಮೈನ್. ಫಿರಂಗಿಯ ಗುಂಡು ಶತ್ರುವನ್ನು ಹುಡುಕಿಕೊಂಡು ಹೋಗುತ್ತದೆ. ಮೈನ್ ಹಾಗಲ್ಲ. ಅದು ಕಾಯುತ್ತದೆ. ಅದನ್ನು ಇಟ್ಟವನು ಊರಿಗೆ ಹಿಂದಿರುಗಿದ ಮೇಲೂ ಕಾಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯು ಈ ಮೈನುಗಳನ್ನು ಗುಟ್ಟಾಗಿ ಇಟ್ಟುಬರಲೆಂದೇ ಒಂದು ಹೊಸ ಬಗೆಯ ಜಲಾಂತರ್ಗಾಮಿಯನ್ನು ಕಟ್ಟಿತು. ಅದರ ರಚನೆ ಹೇಗಿತ್ತು, ಅದು ಮಾಡಿದ್ದೇನು ಎಂಬುದನ್ನು ನೋಡೋಣ.

ಮೈನ್ ಸಿಡಿಯುವುದು ಹೇಗೆ?

ಅಂದಿನ ಮೈನಿನ ಮೈಮೇಲೆ ಸೀಸದ ಮೆತುವಾದ ಕೊಂಬುಗಳಿರುತ್ತಿದ್ದವು. ಪ್ರತಿಯೊಂದು ಕೊಂಬಿನೊಳಗೂ ಆಮ್ಲ ತುಂಬಿದ ಒಂದು ಗಾಜಿನ ನಳಿಕೆ. ಹಡಗು ತಾಗಿದೊಡನೆ ಸೀಸ ಬಾಗಿ ಗಾಜು ಒಡೆಯುತ್ತದೆ. ಆಮ್ಲವು ಕೆಳಗಿರುವ ಸತು ಮತ್ತು ಇಂಗಾಲದ ತುಂಡುಗಳ ಮೇಲೆ ಹರಿಯುತ್ತದೆ. ಇದು ನಿಮ್ಮ ಪ್ರಯೋಗಶಾಲೆಯಲ್ಲಿರುವ ವಿದ್ಯುತ್ ಕೋಶವೇ ಅಲ್ಲವೆ? ಆ ಕ್ಷಣದಲ್ಲಿ ಹುಟ್ಟಿದ ವಿದ್ಯುತ್ತು ತೆಳುವಾದ ತಂತಿಯನ್ನು ಕಾಯಿಸಿ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ತಾಗುವ ತನಕ ಕೋಶವೇ ಇಲ್ಲದಿರುವುದರಿಂದ ಅದು ಸವೆಯುವ ಮಾತೂ ಇಲ್ಲ. ಆದ್ದರಿಂದಲೇ ಮೈನ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಿದ್ಧವಾಗಿಯೇ ಇರಬಲ್ಲದು.

ಮೈನ್ ಹೊತ್ತ ಪುಟ್ಟ ದೋಣಿ

ಮೈನನ್ನು ಎಲ್ಲಿ ಇಟ್ಟರೆ ಹೆಚ್ಚು ಪರಿಣಾಮ? ಶತ್ರುವಿನ ಬಂದರಿನ ಬಾಗಿಲಿನಲ್ಲಿ. ಆದರೆ ಅಲ್ಲಿ ಕಾವಲು ಬಿಗಿಯಾಗಿರುತ್ತದೆ. ನೀರಿನ ಮೇಲೆ ಹೋಗುವ ಹಡಗು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಜರ್ಮನರು ನೀರಿನ ಕೆಳಗೆ ಹೋಗುವ ದಾರಿ ಹಿಡಿದರು.

1915ರಲ್ಲಿ ಕಡಲಿಗಿಳಿದ ಮೊದಲ ಮಾದರಿಗೆ ಯುಸಿ-1 ವರ್ಗವೆಂದು ಹೆಸರು. ಉದ್ದ ಸುಮಾರು 34 ಮೀಟರ್, ಅಂದರೆ ಒಂದೂವರೆ ರೈಲು ಬೋಗಿಯಷ್ಟು. ತೂಕ 168 ಟನ್. ಸಿಬ್ಬಂದಿ 14 ಮಂದಿ. ನೀರಿನ ಮೇಲೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗ. ಮಂಡ್ಯದಿಂದ ಮದ್ದೂರಿಗೆ ಬೈಸಿಕಲ್ಲಿನಲ್ಲಿ ಹೊರಟವರು ಅದನ್ನು ಹಿಂದೆ ಹಾಕಬಹುದಿತ್ತು. ಟಾರ್ಪಿಡೊ ಇರಲಿಲ್ಲ. ಇದ್ದದ್ದು ಆರು ಓರೆಯಾದ ಕೊಳವೆಗಳು, ಒಂದೊಂದರಲ್ಲಿ ಎರಡರಂತೆ 12 ಮೈನುಗಳು. ಇಂಥ ದೋಣಿಗಳನ್ನು ಬಿಡಿಭಾಗಗಳಾಗಿ ರೈಲಿನಲ್ಲಿ ಸಾಗಿಸಿ ಕಡಲ ತೀರದಲ್ಲಿ ಜೋಡಿಸುತ್ತಿದ್ದರು.

ಕೊಳವೆಗಳು ಕೆಳಗೆ ಸಮುದ್ರಕ್ಕೆ ತೆರೆದೇ ಇದ್ದವು. ಹಿಡಿಕೆಯನ್ನು ಬಿಟ್ಟರೆ ಮೈನು ತನ್ನ ಲಂಗರು ಪೆಟ್ಟಿಗೆಯೊಡನೆ ಜಾರಿ ತಳ ಸೇರುತ್ತಿತ್ತು. ಲಂಗರಿನಿಂದ ಮೈನು ಕೂಡಲೇ ಬಿಡಿಸಿಕೊಂಡು ಮೇಲೆ ಬಂದರೆ ಅದನ್ನು ಇಡುತ್ತಿರುವ ದೋಣಿಗೇ ತಾಗೀತು. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬೆಲ್ಲದ ಅಚ್ಚು ನೀರಿನಲ್ಲಿ ಮೆಲ್ಲಗೆ ಕರಗುವುದಿಲ್ಲವೆ? ಹಾಗೆಯೇ ನೀರಿನಲ್ಲಿ ಕರಗುವ ಒಂದು ಬಿರಡೆಯನ್ನು ಅಲ್ಲಿ ಇಟ್ಟಿದ್ದರು. ಅದು ಕರಗುವುದರೊಳಗೆ ದೋಣಿ ದೂರ ಹೋಗಿರಬೇಕು. ಬಿರಡೆ ಕರಗಿದ ಮೇಲೆ ಮೈನು ತಂತಿಹಗ್ಗವನ್ನು ಬಿಚ್ಚಿಕೊಳ್ಳುತ್ತ ಮೇಲೇರುತ್ತದೆ. ನೀರಿನ ಒತ್ತಡವನ್ನು ಅಳೆಯುವ ಸಾಧನವೊಂದು ಗೊತ್ತುಮಾಡಿದ ಆಳದಲ್ಲಿ ಹಗ್ಗವನ್ನು ಬಿಗಿಹಿಡಿಯುತ್ತದೆ.

ಆರ್ಕಿಮಿಡೀಸನ ತತ್ತ್ವವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಂಗರು ಸೇರಿದ ಮೈನು ನೀರಿಗಿಂತ ಭಾರ. ಒಂದು ಜಾರಿದೊಡನೆ ದೋಣಿ ಹಗುರವಾಗಿ ಮೇಲೇಳತೊಡಗುತ್ತದೆ. ಕಾವಲಿನವರ ಕಣ್ಣೆದುರು ತಲೆ ಎತ್ತಿದರೆ ಕಥೆ ಮುಗಿಯಿತು. ಆದ್ದರಿಂದ ಕಳೆದುಕೊಂಡ ಭಾರಕ್ಕೆ ತಕ್ಕಷ್ಟು ಸಮುದ್ರದ ನೀರನ್ನು ತೊಟ್ಟಿಗಳಿಗೆ ತುಂಬಿಕೊಳ್ಳಬೇಕಿತ್ತು.

ಈ ರಚನೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಕೊಳವೆಗಳು ಸದಾ ನೀರಿನಲ್ಲಿರುವುದರಿಂದ ಪ್ರಯಾಣದ ನಡುವೆ ಮೈನನ್ನು ಮುಟ್ಟುವಂತಿಲ್ಲ. ಅದು ನಿಲ್ಲಬೇಕಾದ ಆಳವನ್ನು ಬಂದರಿನಲ್ಲೇ ನಿಗದಿ ಮಾಡಿ ಹೊರಡಬೇಕು. ಯುಇ-1 ವರ್ಗದ ದೊಡ್ಡ ಜಲಾಂತರ್ಗಾಮಿಗಳಲ್ಲಿ ಇದನ್ನು ಸರಿಪಡಿಸಿದರು. ಯು-71ರಿಂದ ಯು-80ರವರೆಗೆ ಇಂಥವು ಹತ್ತು. ಇವುಗಳ ಒಡಲಿನ ಒಣ ಉಗ್ರಾಣದಲ್ಲಿ 34 ಮೈನುಗಳಿದ್ದು, ಹಿಂಬದಿಯ ಎರಡು ಕೊಳವೆಗಳಿಂದ ಅವನ್ನು ಹೊರಕ್ಕೆ ತಳ್ಳಬಹುದಿತ್ತು. ಅನಂತರದ ಯುಸಿ-2 ವರ್ಗದಲ್ಲಿ 64 ದೋಣಿಗಳನ್ನು ಕಟ್ಟಿದರು. ಅವು 18 ಮೈನುಗಳ ಜೊತೆಗೆ ಟಾರ್ಪಿಡೊಗಳನ್ನೂ ಒಂದು ಫಿರಂಗಿಯನ್ನೂ ಹೊತ್ತಿದ್ದವು.

ಕಾಣದ ಕೈ

1915ರಲ್ಲಿ ಇಂಗ್ಲೆಂಡಿನ ತೀರದಲ್ಲಿ ಯಾವ ಶತ್ರು ಹಡಗೂ ಕಾಣದ ಕಡೆ ಮೈನುಗಳು ಹೇಗೋ ಹುಟ್ಟಿಕೊಳ್ಳುತ್ತಿದ್ದವು. ಆ ವರ್ಷದ ಜುಲೈಯಲ್ಲಿ ಯಾರ್ಮತ್ ಬಳಿ ಒಂದು ಸರಕು ಹಡಗು ನೀರಿನೊಳಗಿದ್ದ ಯಾವುದಕ್ಕೋ ಡಿಕ್ಕಿ ಹೊಡೆಯಿತು. ಮುಳುಗುಗಾರರು ಇಳಿದು ನೋಡಿದಾಗ ಅಲ್ಲಿ ಯುಸಿ-2 ಎಂಬ ದೋಣಿ, ಅದರ ಕೊಳವೆಗಳಲ್ಲಿ ಮೈನುಗಳು! ಗುಟ್ಟು ಬಯಲಾಯಿತು. 1916ರ ಏಪ್ರಿಲ್‌ನಲ್ಲಿ ಮರಳದಿಬ್ಬಕ್ಕೆ ಸಿಕ್ಕಿಬಿದ್ದ ಯುಸಿ-5ನ್ನು ಬ್ರಿಟಿಷರು ಹಿಡಿದು ತಂದು ಲಂಡನ್ನಿನಲ್ಲಿ ಜನರಿಗೆ ತೋರಿಸಿದರು.

ಆದರೂ ಹಾನಿ ನಿಲ್ಲಲಿಲ್ಲ. 1916ರ ಮೇ ಕೊನೆಯಲ್ಲಿ ಯು-75 ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳ ಬಳಿ ಮೈನುಗಳನ್ನು ಇಟ್ಟು ಹಿಂದಿರುಗಿತು. ಒಂದು ವಾರದ ನಂತರ, ಜೂನ್ 5ರ ಸಂಜೆ, ರಷ್ಯಕ್ಕೆ ಹೊರಟಿದ್ದ ಹ್ಯಾಂಪ್‌ಷೈರ್ ಎಂಬ ಯುದ್ಧನೌಕೆ ಅದರಲ್ಲೊಂದಕ್ಕೆ ತಾಗಿ ಕಾಲು ಗಂಟೆಯಲ್ಲಿ ಮುಳುಗಿತು. ಏಳು ನೂರಕ್ಕೂ ಹೆಚ್ಚು ಜನ ಸತ್ತರು, ಬದುಕಿದವರು 12 ಮಂದಿ. ಸತ್ತವರಲ್ಲಿ ಬ್ರಿಟನ್ನಿನ ಯುದ್ಧ ಸಚಿವ ಲಾರ್ಡ್ ಕಿಚನರ್ ಒಬ್ಬರು. 1902ರಿಂದ 1909ರವರೆಗೆ ಭಾರತದ ಸೇನೆಯ ಮಹಾದಂಡನಾಯಕರಾಗಿದ್ದವರು ಇವರೇ.

ಅದೇ ವರ್ಷ ಅಕ್ಟೋಬರ್ 28ರಂದು ಯು-73 ಗ್ರೀಸಿನ ಕೀಯಾ ದ್ವೀಪದ ಬಳಿ 12 ಮೈನುಗಳನ್ನು ಇಟ್ಟಿತು. ನವೆಂಬರ್ 21ರಂದು ಆ ದಾರಿಯಲ್ಲಿ ಬಂದದ್ದು ಟೈಟಾನಿಕ್ಕಿನ ತಂಗಿಯಾದ ಬ್ರಿಟಾನಿಕ್, ಅಂದು ಅದು ಆಸ್ಪತ್ರೆ ಹಡಗು. ಬಿಳಿಯ ಬಣ್ಣ, ದೊಡ್ಡ ಕೆಂಪು ಶಿಲುಬೆ. ಎಂಥ ಶತ್ರುವಾದರೂ ಪೆರಿಸ್ಕೋಪಿನಲ್ಲಿ ನೋಡಿ ಗುರುತು ಹಿಡಿಯಬಹುದಿತ್ತು. ಮೈನಿಗೆ ಕಣ್ಣಿಲ್ಲ. ಹಡಗು 55 ನಿಮಿಷಗಳಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನರ ಪೈಕಿ 30 ಮಂದಿ ಸತ್ತರು.

ಮೈನಿಗೆ ತನ್ನವರು, ಪರರು ಎಂಬ ಭೇದವೂ ಇಲ್ಲ. 1916ರ ಮಾರ್ಚ್‌ನಲ್ಲಿ ಯುಸಿ-12 ತಾನು ಇಡುತ್ತಿದ್ದ ಮೈನುಗಳಿಂದಲೇ ಇಟಲಿಯ ಟರಾಂಟೊ ಬಳಿ ನಾಶವಾಯಿತು. ಹ್ಯಾಂಪ್‌ಷೈರ್ ನೌಕೆಯ ದಾರಿಗೆ ಮೈನ್ ಇಟ್ಟಿದ್ದ ಯು-75 ಕೂಡ 1917ರ ಡಿಸೆಂಬರ್‌ನಲ್ಲಿ ಮೈನಿಗೆ ತಾಗಿಯೇ ಮುಳುಗಿತು.

ಭಾರತದ ಬಾಗಿಲಿಗೆ

ಇದೆಲ್ಲ ಯೂರೋಪಿನ ಕಥೆ, ನಮಗೇನು ಎಂದು ನೀವು ಕೇಳಬಹುದು. 1917ರ ಆರಂಭದಲ್ಲಿ ಮೈನ್ ಹೊತ್ತು ಭಾರತದವರೆಗೆ ಬರಬಲ್ಲ ಜಲಾಂತರ್ಗಾಮಿ ಜರ್ಮನಿಯಲ್ಲಿರಲಿಲ್ಲ. ಆದ್ದರಿಂದ ಅವರು ಒಂದು ಸರಕು ಹಡಗಿಗೆ ವೇಷ ಹಾಕಿ ಕಳುಹಿಸಿದರು. ಅದರ ಹೆಸರು ವುಲ್ಫ್, ಕಪ್ತಾನ ಕಾರ್ಲ್ ನೆರ್ಗರ್. 1916ರ ನವೆಂಬರ್ 30ರಂದು ಕೀಲ್ ಬಂದರು ಬಿಟ್ಟಾಗ ಅದರಲ್ಲಿ 465 ಮೈನುಗಳಿದ್ದವು. ದಕ್ಷಿಣ ಆಫ್ರಿಕದ ತೀರದಲ್ಲಿ ಕೆಲವನ್ನು ಇಟ್ಟು, 1917ರ ಫೆಬ್ರವರಿಯಲ್ಲಿ ಅದು ಕೊಲಂಬೊ ಮತ್ತು ಮುಂಬಯಿಯ ಹೊರಗಡಲಿನಲ್ಲಿ ಮೈನ್ ಬಿತ್ತಿ ಹೋಯಿತು. ಅದೇ ತಿಂಗಳು ಕೊಲಂಬೊ ಬಳಿ ಎರಡು ಹಡಗುಗಳು ಮುಳುಗಿದವು. ಮುಂಬಯಿಯ ಮೈನುಗಳು ಇನ್ನೂ ತಾಳ್ಮೆಯಿಂದ ಕಾದವು. ನಾಲ್ಕು ತಿಂಗಳಾದ ಮೇಲೆ, ಜೂನ್ 23ರಂದು, ಮಂಗೋಲಿಯ ಎಂಬ ಪ್ರಯಾಣಿಕರ ಹಡಗು ಅಲ್ಲಿ ಮುಳುಗಿತು. ಆ ಹೊತ್ತಿಗೆ ವುಲ್ಫ್ ಪೆಸಿಫಿಕ್ ಸಾಗರದಲ್ಲಿತ್ತು!

ಮಂಡ್ಯಕ್ಕೆ ಕಡಲಿಲ್ಲ, ನಿಜ. ಆದರೆ ಕಡಲಿನ ದಾರಿ ನಮ್ಮ ಮನೆಯ ತನಕ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿದಾಗ ಅದರ ಜನರೇಟರುಗಳು ಅಮೆರಿಕದಿಂದ, ಟರ್ಬೈನುಗಳು ಸ್ವಿಟ್ಜರ್ಲೆಂಡಿನಿಂದ ಹಡಗೇರಿ ಬಂದಿದ್ದವು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಹೋರಾಡಿದ ಮೈಸೂರು ಅಶ್ವದಳ 1914ರಲ್ಲಿ ಈಜಿಪ್ಟಿಗೆ ಹೋದದ್ದೂ ಹಡಗಿನಲ್ಲೇ. ಕಡಲಿನ ದಾರಿಗೆ ಅಡ್ಡವಾಗಿ ನಿಂತ ಮೈನು ಒಳನಾಡಿನ ಊರಿನ ದಾರಿಗೂ ಅಡ್ಡವೇ.

ತಾಗದೆಯೂ ಸಿಡಿಯುವ ಮೈನು

ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನರು ಅಯಸ್ಕಾಂತದ ಗುಣವನ್ನು ಬಳಸಿಕೊಂಡರು. ಉಕ್ಕಿನ ಹಡಗು ಹತ್ತಿರ ಬಂದಾಗ ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯೇ ಮೈನನ್ನು ಸಿಡಿಸುತ್ತದೆ. ಇಂಥ 66 ಮೈನುಗಳನ್ನು ಹೊರಲು ಸುಮಾರು 90 ಮೀಟರ್ ಉದ್ದದ ಎಕ್ಸ್-ಬಿ ವರ್ಗದ ಎಂಟು ಜಲಾಂತರ್ಗಾಮಿಗಳು ಸಿದ್ಧವಾದವು. ಆದರೆ ಗಾತ್ರ ದೊಡ್ಡದಾದ ಕಾರಣ ಬಹಳ ಸಲ ಅವು ಇತರ ಜಲಾಂತರ್ಗಾಮಿಗಳಿಗೆ ಎಣ್ಣೆ ಪೂರೈಸಲು, ಸರಕು ಸಾಗಿಸಲು ಬಳಕೆಯಾದವು. ಎಂಟರಲ್ಲಿ ಆರು ಮುಳುಗಿದವು. ಉಳಿದ ಎರಡರಲ್ಲಿ ಯು-219 ಹಿಂದೂ ಮಹಾಸಾಗರ ದಾಟಿ 1944ರ ಡಿಸೆಂಬರ್‌ನಲ್ಲಿ ಇಂದಿನ ಜಕಾರ್ತ ತಲುಪಿತು. ಮೈನ್ ಕೊಳವೆಗಳಲ್ಲಿ ಜಪಾನಿಗೆ ಸರಕು ತುಂಬಿಕೊಂಡು ಹೊರಟಿದ್ದ ಯು-234, ಜರ್ಮನಿ ಸೋತ ಸುದ್ದಿ ಕೇಳಿ 1945ರ ಮೇ ತಿಂಗಳಿನಲ್ಲಿ ಅಮೆರಿಕಕ್ಕೆ ಶರಣಾಯಿತು.

ಬಿತ್ತುವುದು ಸುಲಭ, ಕೀಳುವುದು ಕಷ್ಟ

ಲಂಗರಿನಿಂದ ಕಳಚಿಕೊಂಡ ಮೈನು ತಾನಾಗಿ ನಿರಪಾಯವಾಗಬೇಕೆಂದು 1907ರ ಹೇಗ್ ಒಪ್ಪಂದ ಹೇಳುತ್ತದೆ. ಆದರೂ 2022ರ ಮಾರ್ಚ್‌ನಲ್ಲಿ ಕಪ್ಪು ಸಮುದ್ರದಲ್ಲಿ ತೇಲಿಬಂದ ಮೈನುಗಳು ಯುದ್ಧದಲ್ಲಿ ಸೇರದ ತುರ್ಕಿಯ ತೀರವನ್ನು ಮುಟ್ಟಿದವು. ಮೈನನ್ನು ಹುಡುಕಿ ತೆಗೆಯುವುದಕ್ಕೇ ಬೇರೆ ಹಡಗುಗಳು ಬೇಕು. ನಮ್ಮ ನೌಕಾಪಡೆಯಲ್ಲಿ ಅಂಥ ಹಡಗುಗಳಿಗೆ ಕರ್ನಾಟಕದ ಕರಾವಳಿಯ ಊರುಗಳ ಹೆಸರಿತ್ತು: ಕಾರವಾರ, ಮಲ್ಪೆ, ಮೂಲ್ಕಿ. ಮಲ್ಪೆ, ಮೂಲ್ಕಿಗಳ ಒಡಲು ಉಕ್ಕಿನದಲ್ಲ, ಗಾಜಿನ ಎಳೆ ಬೆರೆತ ಪ್ಲಾಸ್ಟಿಕ್ಕಿನದು. ಕಾರಣವನ್ನು ನೀವೇ ಹೇಳಬಲ್ಲಿರಿ: ಅಯಸ್ಕಾಂತದ ಮೈನಿಗೆ ಅವು ಸುಳಿವು ಕೊಡಬಾರದು. 1986ರಲ್ಲಿ ಸೇವೆಗೆ ಸೇರಿದ ಕಾರವಾರ 2017ರಲ್ಲಿ ನಿವೃತ್ತವಾಯಿತು.

ಈ ಲೇಖನದಲ್ಲಿ ಬಂದ ವಿಜ್ಞಾನವೆಲ್ಲ ನಿಮ್ಮ ಪಠ್ಯಪುಸ್ತಕದ್ದೇ: ತೇಲುವಿಕೆ, ಒತ್ತಡ, ವಿದ್ಯುತ್ ಕೋಶ, ಕಾಂತಕ್ಷೇತ್ರ. ಆದರೆ ಪಠ್ಯದಲ್ಲಿಲ್ಲದ ಒಂದು ಪ್ರಶ್ನೆಯೂ ಇದೆ. ಯು-73ರ ನಾವಿಕರು ಬ್ರಿಟಾನಿಕ್ ಹಡಗನ್ನು ಕಂಡವರಲ್ಲ, ಅದಕ್ಕೆ ಗುರಿಯಿಟ್ಟವರೂ ಅಲ್ಲ. ಹಾಗಾದರೆ ಆ 30 ಜನರ ಸಾವಿಗೆ ಹೊಣೆ ಯಾರದು? ಹಿಂದಕ್ಕೆ ಕರೆಯಲಾಗದ ಆಯುಧವನ್ನು ಕೈಬಿಡುವ ಮುನ್ನ ಮನುಷ್ಯ ಎಷ್ಟು ಯೋಚಿಸಬೇಕು? ನಿಮ್ಮ ತರಗತಿಯಲ್ಲಿ, ಗೆಳೆಯರೊಡನೆ, ಇದನ್ನು ಚರ್ಚಿಸಿರಿ.