ಒಂದಂಕಣದ ಮನೆಯಲ್ಲಿ ಮೂರು ವಾಹನಗಳು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಮನುಷ್ಯನ ಕಾಲಿಗೆ ಈ ನೀತಿಯನ್ನು ಬೋಧಿಸಬಹುದು; ಆದರೆ ಗಾಲಿಗಳಿಗೆ ಬೋಧಿಸುವುದು ಹೇಗೆ? ಈ ಪ್ರಶ್ನೆ ನನ್ನನ್ನು ಎರಡು ವರ್ಷ ಕಾಡಿತು. ನನ್ನ ಸಹಪಾಠಿಗಳಲ್ಲಿ ಅನೇಕರು ವಠಾರಗಳಲ್ಲಿಯೂ ಬಾಡಿಗೆಯ ಕೋಣೆಗಳಲ್ಲಿಯೂ ಇರುವವರು. ನಾವು ಪಟ್ಟ ಪಾಡು, ಕಂಡುಕೊಂಡ ಉಪಾಯ ಅವರಲ್ಲಿ ಒಬ್ಬಿಬ್ಬರಿಗಾದರೂ ಉಪಯೋಗಕ್ಕೆ ಬಂದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮದು ಹೆಂಚಿನ ಮನೆ. ಅಡಿಗೆಯ ಮೂಲೆಯನ್ನು ಬಿಟ್ಟರೆ 12 ಅಡಿ ಉದ್ದ, 10 ಅಡಿ ಅಗಲದ ಒಂದೇ ಕೋಣೆ. ಅದರಲ್ಲಿ ನಾವು ನಾಲ್ವರು. ನಮ್ಮ ತಂದೆಯವರಿಗೆ ಬಾಲ್ಯದಲ್ಲಿ ಪೋಲಿಯೋ ತಗುಲಿ ಎರಡು ಕಾಲುಗಳಲ್ಲಿಯೂ ಶಕ್ತಿಯಿಲ್ಲ. ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ ಕುಳಿತು ಪೇಟೆಗೆ ಹೋಗಿ ಗಡಿಯಾರ ರಿಪೇರಿ ಮಾಡುತ್ತಾರೆ. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎರಡನೆಯ ವಾಹನ ನನ್ನದು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ ದೊರೆತದ್ದು. ತಂಗಿಯ ಸರದಿ ಬರುವ ವೇಳೆಗೆ ವಿತರಣೆ ನಿಂತಿತ್ತು. ಆದ್ದರಿಂದ ಸೋದರಮಾವನವರ ಹಳೆಯ ಸೈಕಲ್ಲು ಅವಳಿಗೆ ಬಂದು ಮೂರನೆಯದಾಯಿತು.

ಎರಡು ಸೈಕಲ್ಲುಗಳು ಒಳಗೆ, ತಂದೆಯವರ ಬಂಡಿ ಹೊರಗೆ ಓಣಿಯಲ್ಲಿ: ಇದು ಬಹುಕಾಲದ ಏರ್ಪಾಡಾಗಿತ್ತು. ಹಗುರವಾದದ್ದನ್ನು ಒಳಗೆ ತರುವುದು ಸುಲಭ, ಭಾರವಾದದ್ದು ಹೊರಗಿರಲಿ ಎಂದು ಯಾರೂ ಯೋಚಿಸದೆಯೇ ನಡೆದುಬಂದ ಪದ್ಧತಿ. ಮಳೆಗಾಲದಲ್ಲಿ ಅದರ ಚೈನು ತುಕ್ಕು ಹಿಡಿಯುತ್ತಿತ್ತು. ಹುಡುಗರು ಗಾಳಿ ಬಿಡುತ್ತಿದ್ದರು. ಕೊನೆಗೆ ಒಂದು ರಾತ್ರಿ ಯಾರದೋ ಮೋಟಾರು ವಾಹನ ಹಿಮ್ಮುಖವಾಗಿ ಬಂದು ಅದರ ಹಿಂದಿನ ಗಾಲಿಯನ್ನು ಸೊಟ್ಟ ಮಾಡಿ ಹೋಯಿತು. ಹನ್ನೊಂದು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಆ ಹನ್ನೊಂದು ದಿನವೂ ನಾನು ನನ್ನ ಸೈಕಲ್ಲನ್ನೇರಿ ನಿಶ್ಚಿಂತೆಯಿಂದ ಕಾಲೇಜಿಗೆ ಬಂದೆ. ಏರ್ಪಾಡಿನಲ್ಲಿ ಎಲ್ಲಿಯೋ ತಪ್ಪಿದೆಯೆಂದು ನನಗೆ ತೋರಿದ್ದು ಆಗಲೇ.

ಮೊದಲು ಅಳತೆಪಟ್ಟಿ ತಂದು ಅಳೆದೆ. ಸೈಕಲ್ಲೊಂದಕ್ಕೆ 6 ಅಡಿ ಉದ್ದ, 2 ಅಡಿ ಅಗಲ. ಎಂದರೆ 12 ಚದರಡಿ. ಮೂರು ಚಕ್ರದ್ದಕ್ಕೆ 6 ಅಡಿ ಉದ್ದ, 2 ಅಡಿ 7 ಅಂಗುಲ ಅಗಲ. ಎಂದರೆ ಸುಮಾರು 15½ ಚದರಡಿ. ಮೂರನ್ನೂ ನೆಲದ ಮೇಲೆ ನಿಲ್ಲಿಸಿದರೆ 39½ ಚದರಡಿ, ಕೋಣೆಯ ಮೂರನೆಯ ಒಂದು ಪಾಲು! ಮಲಗುವುದೆಲ್ಲಿ, ಓದುವುದೆಲ್ಲಿ?

ಬಂಡಿಗೆ ಜಾಗ ಸಾಲದ ಸಂಕಟ ನಮ್ಮೊಬ್ಬರದೇ ಅಲ್ಲ. ಯೂರೋಪು ಅಮೆರಿಕಗಳಲ್ಲಿ ಒರಗಿ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಒಂದು ಬಗೆಯ ಸೈಕಲ್ಲುಂಟು. ಅದಕ್ಕೆ ರಿಕಂಬೆಂಟ್ ಎಂದು ಹೆಸರು. 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಚಾರ್ಲ್ಸ್ ಮೋಶೆ ರಚಿಸಿದ ಇಂತಹ ಸೈಕಲ್ಲಿನ ಮೇಲೆ ಪ್ಯಾರಿಸ್ಸಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರು ಸಾಗಿ, 1914ರಿಂದ ಯಾರೂ ಮೀರದಿದ್ದ ದಾಖಲೆಯನ್ನು ಮುರಿದನು. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಇಂತಹ ವಾಹನಗಳನ್ನು ಪಂದ್ಯಗಳಿಂದ ಹೊರಗಿಟ್ಟಿತು. ಪಂದ್ಯದಿಂದ ಹೋದರೂ ಬಳಕೆಯಿಂದ ಹೋಗಲಿಲ್ಲ. ಈಗ ಮುಂದೆ ಎರಡು, ಹಿಂದೆ ಒಂದು ಗಾಲಿಯಿರುವ ಇಂತಹ ತ್ರಿಚಕ್ರಗಳು ಬೆನ್ನುನೋವಿನವರಿಗೂ ವೃದ್ಧರಿಗೂ ಪ್ರಿಯವಾಗಿವೆ. ಆದರೆ ಅವು ಉದ್ದ, ಅಗಲ ಎರಡರಲ್ಲಿಯೂ ದೊಡ್ಡವು. ಆದ್ದರಿಂದ ನಡುವೆ ಮಡಚುವ ಮಾದರಿಗಳನ್ನು ಮಾಡಿದ್ದಾರೆ. ಕೆಲವರು ಹಿಂದಿನ ಗಾಲಿಯ ಮೇಲೆ ಬಂಡಿಯನ್ನು ನೆಟ್ಟಗೆ ಎತ್ತಿ ಗೋಡೆಗೆ ಆನಿಸುತ್ತಾರೆ. ಉದ್ದವನ್ನು ಎತ್ತರವಾಗಿ ಮಾರ್ಪಡಿಸುವುದೇ ಇದರ ಗುಟ್ಟು. ಸಣ್ಣ ಮನೆಯಲ್ಲಿ ನೆಲಕ್ಕೆ ಬರಗಾಲವೇ ಹೊರತು ಎತ್ತರಕ್ಕಲ್ಲ.

ತಂದೆಯವರ ಬಂಡಿಯನ್ನೂ ಹೀಗೆಯೇ ಎತ್ತಿ ನಿಲ್ಲಿಸೋಣವೆಂದು ನಾನು ಉತ್ಸಾಹದಿಂದ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜನ್ನು ತೆಗೆದು, "ಎತ್ತೋನು ನೀನು ಸರಿ ಕಣಪ್ಪ. ನೀನು ಮನೇಲಿಲ್ಲದಾಗ ಇಳಿಸೋರು ಯಾರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ವಾಹನವನ್ನು ಎಷ್ಟು ಚಿಕ್ಕ ಜಾಗದಲ್ಲಿ ಅಡಗಿಸಬಹುದೆಂಬುದು ಎರಡನೆಯ ಪ್ರಶ್ನೆ. ಅದನ್ನು ಏರುವವನು ತಾನೇ ತೆಗೆದುಕೊಳ್ಳಬಲ್ಲನೇ ಎಂಬುದು ಮೊದಲನೆಯದು. ಈ ನಿಯಮವನ್ನು ಒಪ್ಪಿದೊಡನೆ ಉಳಿದುದೆಲ್ಲ ತಾನಾಗಿ ನಿಶ್ಚಯವಾಯಿತು. ನೆಲ ತಂದೆಯವರ ಬಂಡಿಗೆ. ಮೇಲಕ್ಕೆ ಹೋಗಬೇಕಾದವು ನಮ್ಮ ಸೈಕಲ್ಲುಗಳು.

ಬಂಡಿಯನ್ನು ಒಳಗೆ ತರುವುದಕ್ಕೆ ಅಡ್ಡಿಯಾದದ್ದು ಬಾಗಿಲ ಅಗಲವಲ್ಲ, ಎತ್ತರ. ಮೆಟ್ಟಿಲು 5 ಅಂಗುಲ, ಹೊಸ್ತಿಲು 3 ಅಂಗುಲ, ಒಟ್ಟು 8. ಗಾಲಿಕುರ್ಚಿಗಳ ಇಳಿಜಾರು ಒಂದಂಗುಲ ಏರಿಕೆಗೆ ಹನ್ನೆರಡಂಗುಲ ಉದ್ದವಿರಬೇಕೆಂಬುದು ಎಲ್ಲರೂ ಒಪ್ಪಿದ ಪ್ರಮಾಣ. ಆ ಲೆಕ್ಕದಲ್ಲಿ 8 ಅಡಿಯ ಹಲಗೆ ಬೇಕು. ನಮ್ಮ ಓಣಿಯಲ್ಲಿ ಅಷ್ಟು ಸ್ಥಳವಿಲ್ಲ. ಗುಜರಿ ಅಂಗಡಿಯಲ್ಲಿ 6 ಅಡಿ ಉದ್ದದ ಹಳೆಯ ಬಾಗಿಲೊಂದು ಸಿಕ್ಕಿತು. ಇಳಿಜಾರು ಒಂಬತ್ತಕ್ಕೆ ಒಂದಾಯಿತು. ಸ್ವಲ್ಪ ಕಡಿದು, ಆದರೂ ನಡೆಯುತ್ತದೆ. ಹೊಸ್ತಿಲನ್ನು ಕೊಯ್ಯಿಸಲು ತಾಯಿಯವರು ಒಪ್ಪಲಿಲ್ಲ. ದಿನವೂ ಅರಿಶಿನ ಕುಂಕುಮ ಇಡುವ ಜಾಗವದು. ಅದರ ಎರಡು ಪಕ್ಕದಲ್ಲಿಯೂ ಇಟ್ಟಿಗೆಯಿಟ್ಟು, ಹೊಸ್ತಿಲಿಗೆ ತಾಗದಂತೆ ಸೇತುವೆಯ ಹಾಗೆ ಹಲಗೆ ಹಾಸಿದೆವು. ಒಳಗೆ ಇಳಿಯಲು ಒಂದು ಗಿಡ್ಡ ಹಲಗೆ. ಕೆಲಸವಾದ ಮೇಲೆ ಎಲ್ಲವನ್ನೂ ತೆಗೆದು ಗೋಡೆಗೆ ಒರಗಿಸುತ್ತೇವೆ.

ಇನ್ನು ಸೈಕಲ್ಲುಗಳು. ಗೋಡೆಗೆ ಮೊಳೆ ಹೊಡೆಯಕೂಡದೆಂದು ಮನೆಯ ಯಜಮಾನರ ಕಟ್ಟಪ್ಪಣೆ. ಹೊಡೆದರೂ ಮಣ್ಣಿನ ಗೋಡೆ ಭಾರ ತಡೆಯದು. ಆದರೆ 10 ಅಡಿ ಎತ್ತರದಲ್ಲಿ ಗಟ್ಟಿಯಾದ ತೊಲೆಯಿದೆ. ಹಗ್ಗವನ್ನು ತೊಲೆಗೇ ಕಟ್ಟಬೇಕು. ಹೆಂಚು ಹೊರುವ ರೀಪಿಗೆ ಎಂದಿಗೂ ಕಟ್ಟಬಾರದು. ವಠಾರಕ್ಕೆ ನಲ್ಲಿ ಬಂದ ಮೇಲೆ ಬಾವಿಯ ಎರಡು ರಾಟೆಗಳು ಕೆಲಸವಿಲ್ಲದೆ ಬಿದ್ದಿದ್ದವು, ಕೇಳಿ ತಂದೆ. ಮೇಲೆ ಕಟ್ಟಿದ ಒಂದೇ ರಾಟೆ ಎಳೆಯುವ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಭಾರವನ್ನು ಇಳಿಸುವುದಿಲ್ಲ. ಹಗ್ಗದ ಒಂದು ತುದಿಯನ್ನು ತೊಲೆಗೆ ಬಿಗಿದು, ಸೈಕಲ್ಲಿಗೆ ಕಟ್ಟಿದ ಎರಡನೆಯ ರಾಟೆಯ ಕೆಳಗೆ ಹಾಯಿಸಿ, ಮತ್ತೆ ಮೇಲಿನ ರಾಟೆಯ ಮೇಲಿಂದ ಎಳೆದರೆ, ಅರ್ಧ ಭಾರವನ್ನು ತೊಲೆಯೇ ಹೊರುತ್ತದೆ. ಸುಮಾರು 20 ಕಿಲೋ ತೂಗುವ ಸೈಕಲ್ಲಿಗೆ 10 ಕಿಲೋವಿನಷ್ಟು ಎಳೆತ, ಜೊತೆಗೆ ಸ್ವಲ್ಪ ಘರ್ಷಣೆ. ಅದಕ್ಕೆ ಪ್ರತಿಯಾಗಿ 5 ಅಡಿ ಏರಿಸಲು 10 ಅಡಿ ಹಗ್ಗ ಎಳೆಯಬೇಕು. ನನ್ನ ತಂಗಿ ಒಬ್ಬಳೇ ಎಳೆಯುತ್ತಾಳೆ. ಸೈಕಲ್ಲು ಮೇಲೇರಿದ ಮೇಲೆ ಬೇರೊಂದು ಹಗ್ಗದಿಂದಲೂ ಅದನ್ನು ತೊಲೆಗೆ ಬಿಗಿಯುವುದನ್ನು ಮರೆಯಬಾರದು. ಮನುಷ್ಯರು ಮಲಗುವ ಕಡೆಯಂತೂ ತೂಗುಹಾಕಲೇಬಾರದು. ನಾವು ತಂದೆಯವರ ಬಂಡಿ ನಿಲ್ಲುವ ಜಾಗದ ನೇರಕ್ಕೆ ತೂಗುಹಾಕಿದ್ದೇವೆ. ಅಲ್ಲಿ ಯಾರೂ ಓಡಾಡುವುದಿಲ್ಲ. ಒಂದೇ ನೆಲ ಎರಡು ವಾಹನಕ್ಕೆ ಒದಗುತ್ತದೆ. ಬೆಳಿಗ್ಗೆ ಬಂಡಿಯನ್ನು ಅದರ ಕೆಳಗಿನಿಂದ ಮಂಚದ ಪಕ್ಕಕ್ಕೆ ಸರಿಸಿದ ಮೇಲೆಯೇ ತಂದೆಯವರು ಏರುತ್ತಾರೆ.

ಇನ್ನೊಂದು ಸೈಕಲ್ಲನ್ನು ಮೂಲೆಯಲ್ಲಿ ಹಿಂದಿನ ಗಾಲಿಯ ಮೇಲೆ ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಕಟ್ಟಿದ್ದೇವೆ. ಗಾಲಿ ಉರುಳದಂತೆ ಬ್ರೇಕಿನ ಹಿಡಿಯನ್ನು ದಾರದಿಂದ ಬಿಗಿಯಬೇಕು. 12 ಚದರಡಿಯ ಬದಲು 7 ಚದರಡಿ ಸಾಕಾಯಿತು. ಕೇಬಲ್ ಬ್ರೇಕಿನ ಸೈಕಲ್ಲುಳ್ಳವರಿಗೆ ಮತ್ತೊಂದು ಉಪಾಯವಿದೆ: ಹ್ಯಾಂಡಲಿನ ನಡುವಿನ ಬೋಲ್ಟನ್ನು ಸಡಿಲಿಸಿ, ಹ್ಯಾಂಡಲನ್ನು ಗಾಲಿಯ ನೇರಕ್ಕೆ ತಿರುಗಿಸಿ ಗೋಡೆಗೆ ಒತ್ತಿ ನಿಲ್ಲಿಸಬಹುದು, ಏರುವ ಮುನ್ನ ಮತ್ತೆ ಬಿಗಿಯಬೇಕಷ್ಟೆ. ಕಡ್ಡಿ ಬ್ರೇಕಿನವಕ್ಕೆ ಇದು ಒಗ್ಗದು, ಕಡ್ಡಿಗಳು ಸೊಟ್ಟಗಾಗುತ್ತವೆ. ಮಳೆಯಲ್ಲಿ ನೆನೆದು ಬಂದ ಗಾಡಿಯ ಚೈನನ್ನು ಒರೆಸಿ ಎಣ್ಣೆ ಬಿಟ್ಟು, ಗಾಲಿಯ ಕೆಳಗೆ ಗೋಣಿಚೀಲ ಹಾಸಿದರೆ ನೆಲವೂ ಕೆಡದು, ಗೃಹಿಣಿಯ ಕೋಪವೂ ಏರದು.

ಒಟ್ಟಿನಲ್ಲಿ 39½ ಚದರಡಿಯಿಂದ 22½ಕ್ಕೆ ಇಳಿದೆವು. ಉಳಿದ 17 ಚದರಡಿಯಲ್ಲಿ ತಂಗಿಯ ಓದಿನ ಚಾಪೆ ಸಲೀಸಾಗಿ ಹಿಡಿಸಿದೆ. ಆದರೆ ನನ್ನ ಪಾಲಿಗೆ ದೊಡ್ಡ ಲಾಭ ಬೇರೆ. ಬಂಡಿಯನ್ನು ಮಂಚಕ್ಕೆ ಆನಿಸಿ, ಹಲಗೆ ಹಾಸಿಟ್ಟರೆ, ತಂದೆಯವರು ಯಾರ ಕೈಯನ್ನೂ ಹಿಡಿಯದೆ ಮಂಚದಿಂದ ಬಂಡಿಗೆ ಜರುಗಿ, ಬ್ರೇಕು ಹಿಡಿದು, ಓಣಿಗೆ ಇಳಿಯುತ್ತಾರೆ. ಸಂಜೆ ಹಿಂದಿರುಗಿ ಹತ್ತುವಾಗ ಮಾತ್ರ ಹಿಂದಿನಿಂದ ಒಬ್ಬರು ತಳ್ಳಬೇಕು. ಆ ಕೊರತೆಯನ್ನು ನೀಗಿಸಲು ನನಗಿನ್ನೂ ಸಾಧ್ಯವಾಗಿಲ್ಲ. ಓಣಿ ಎರಡಡಿ ಅಗಲವಾಗಿದ್ದರೆ ಆಗುತ್ತಿತ್ತು.

ಇಕ್ಕಟ್ಟಿನ ಮನೆಯಲ್ಲಿ ವಾಹನವಿಟ್ಟುಕೊಂಡಿರುವ ಮಿತ್ರರು ಮೊದಲು ಅಳೆಯಲಿ, ಅನಂತರ ಯಾರಿಗೆ ಯಾವುದು ಅನಿವಾರ್ಯವೆಂದು ಕೇಳಿಕೊಳ್ಳಲಿ, ಕೊನೆಗೆ ಹಗ್ಗ ಕೊಳ್ಳಲಿ. ಅಳತೆಪಟ್ಟಿ ಬೇಕಾದವರಿಗೆ ನನ್ನದನ್ನು ಸಂತೋಷದಿಂದ ಕೊಡುತ್ತೇನೆ.