ಮೂಗಿಗಿಂತ ಮೂಗುತಿ ಭಾರವಾಗದಿರಲಿ



ಶಸ್ತ್ರಕ್ರಿಯೆಯಿಂದ ಮೂಗಿನ ಆಕಾರ ತಿದ್ದಿಸಿಕೊಳ್ಳುವುದು ಸಿನಿಮಾ ನಟನಟಿಯರ ಸಂಗತಿ ಎಂದು ನಮ್ಮ ಹಿರಿಯರು ತಿಳಿದಿದ್ದರು. ಈಗ ಅದರ ಜಾಹೀರಾತು ಕೈಯಲ್ಲಿರುವ ಫೋನಿಗೇ ಬರುತ್ತದೆ; ಹಣವನ್ನು ಕಂತಿನಲ್ಲಿ ಕಟ್ಟಬಹುದೆಂಬ ಆಶ್ವಾಸನೆಯೂ ಜೊತೆಗಿರುತ್ತದೆ. ಹೆಣ್ಣು ನೋಡಲು ಬಂದವರು ಆಡಿದ ಒಂದು ಮಾತಿಗೆ ನೊಂದು ಈ ದಾರಿ ಯೋಚಿಸುವವರು ನಮ್ಮ ನಡುವೆಯೂ ಇದ್ದಾರೆ. ಅಂಥವರು ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆ ನಮ್ಮಲ್ಲಿದೆ. ಆದರೆ ಹೋದ ಮೂಗು ಮರಳಿ ಬಂದದ್ದೂ ಉಂಟು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝಿನ್' 1794ರ ಅಕ್ಟೋಬರ್ ಸಂಚಿಕೆಯಲ್ಲಿ ಬರೆಯಿತು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗು ಕಟ್ಟಿದನು. ಮೇಣದ ತೆಳು ಹಾಳೆಯಿಂದ ಅಳತೆ ತೆಗೆದು, ಅಷ್ಟೇ ಚರ್ಮವನ್ನು ಹಣೆಯಿಂದ ಬಿಡಿಸಿ, ಕೆಳಗೆ ತಿರುಗಿಸಿ ಕೂಡಿಸಿದನು. ಚರ್ಮಕ್ಕೆ ರಕ್ತ ಹರಿಯುತ್ತಿರಲೆಂದು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿಕೊಂಡಿದ್ದನು. ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. ಈ ವರದಿ ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಚಿಕಿತ್ಸೆ ಮಾಡಿ, 1816ರಲ್ಲಿ ಪುಸ್ತಕ ಪ್ರಕಟಿಸಿದರು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವು ಇದಕ್ಕೂ ಬಹು ಹಿಂದಿನ ಸುಶ್ರುತ ಸಂಹಿತೆಯಲ್ಲೇ ಇದೆ.

ಕಾವಸ್‌ಜಿಗೆ ಮೂಗೇ ಇರಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಉಸಿರಾಡುವ ಒಳ್ಳೆಯ ಮೂಗು ಇದೆ, ಅದರ ರೂಪ ಮಾತ್ರ ಮನಸ್ಸಿಗೆ ಒಪ್ಪಿಲ್ಲ. ಹೋದದ್ದನ್ನು ಪಡೆಯುವುದು ಒಂದು ಲೆಕ್ಕ, ಇದ್ದದ್ದನ್ನು ಪಣಕ್ಕಿಡುವುದು ಇನ್ನೊಂದು ಲೆಕ್ಕ. ಈ ಭೇದವನ್ನು ಮೊದಲು ಮನಗಾಣಬೇಕು.

ಮೂಗಿನ ಮೇಲ್ಭಾಗ ಎಲುಬು, ಕೆಳಭಾಗ ಮೃದ್ವಸ್ಥಿ. ನಡುವೆ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ಗೋಡೆ. ಉಬ್ಬನ್ನು ಇಳಿಸಲು ಎಲುಬನ್ನು ಉಜ್ಜುತ್ತಾರೆ ಅಥವಾ ಮುರಿದು ಕೂಡಿಸುತ್ತಾರೆ. ಚಪ್ಪಟೆ ಮೂಗನ್ನು ಎತ್ತರಿಸಲು ಸಾಮಾನ್ಯವಾಗಿ ರೋಗಿಯದೇ ಕಿವಿ, ಪಕ್ಕೆಲುಬು ಅಥವಾ ನಡುಗೋಡೆಯ ಮೃದ್ವಸ್ಥಿಯನ್ನು ಬಳಸುತ್ತಾರೆ. ಅಂದಕ್ಕೆಂದು ಅತಿಯಾಗಿ ಕೆತ್ತಿದರೆ ಒಳಗಿನ ಗಾಳಿಯ ದಾರಿ ಕುಗ್ಗಿ, ನೋಡಲು ನೆಟ್ಟಗಿರುವ ಮೂಗು ರಾತ್ರಿಯಿಡೀ ಕಟ್ಟಿಕೊಂಡಿರಬಹುದು. ರಕ್ತಸ್ರಾವ, ನಂಜು, ಅರಿವಳಿಕೆಯ ತೊಂದರೆ, ಎರಡು ಬದಿ ಸರಿಸಮನಾಗದಿರುವುದು ಇವೂ ಸಂಭವಿಸುವುದುಂಟು. ಕೆಲವರಿಗೆ ಎರಡನೆಯ ಸಲ ಶಸ್ತ್ರಕ್ರಿಯೆ ಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯಬೇಕು.

ಇನ್ನು ಕಾಲದ ಲೆಕ್ಕ. ಮೂಗಿನ ಬೆಳವಣಿಗೆ ಮುಗಿಯುವ ತನಕ, ಎಂದರೆ ಹುಡುಗಿಯರಿಗೆ ಸುಮಾರು 16, ಹುಡುಗರಿಗೆ ಸುಮಾರು 18 ವರ್ಷದ ತನಕ, ಕೇವಲ ಅಂದಕ್ಕಾಗಿ ಕೈಹಾಕುವುದು ಸರಿಯಲ್ಲ. ಮೂಗಿನ ಮೇಲಿನ ಪಟ್ಟಿ ಸುಮಾರು ಒಂದು ವಾರ ಇರುತ್ತದೆ. ಕಣ್ಣಿನ ಸುತ್ತಲಿನ ಕಪ್ಪು ಇಳಿಯಲು ಎರಡು ವಾರ ಬೇಕು. ಮೂಟೆ ಹೊರುವವರು, ಭಾರ ಎತ್ತುವವರು ನಾಲ್ಕರಿಂದ ಆರು ವಾರ ಆ ಕೆಲಸ ಬಿಡಬೇಕಾದೀತು. ತುದಿಯ ಬಾವು ಪೂರ್ತಿ ಇಳಿದು ನಿಜವಾದ ರೂಪ ಕಾಣಲು ಒಂದು ವರ್ಷವಾದರೂ ಬೇಕು. ಮುಂದಿನ ತಿಂಗಳ ಮದುವೆಗೆಂದು ಈ ತಿಂಗಳು ಮಾಡಿಸಿಕೊಳ್ಳುವ ಕೆಲಸ ಇದಲ್ಲ. ಬೀಡಿ, ಸಿಗರೇಟು, ತಂಬಾಕುಗಳನ್ನು ಕೆಲವು ವಾರ ಮೊದಲೇ ಬಿಡಬೇಕು, ಇಲ್ಲವಾದರೆ ಗಾಯ ಮಾಯುವುದು ತಡವಾಗಬಹುದು. ಯಾವ ಮಾತ್ರೆ ನುಂಗುತ್ತಿದ್ದರೂ ವೈದ್ಯರಿಗೆ ಮುಚ್ಚಿಡಬಾರದು.

ವೈದ್ಯರನ್ನು ಆರಿಸುವಾಗ ಸಂಕೋಚ ಬೇಡ. ಎಂ.ಬಿ.ಬಿ.ಎಸ್. ಒಂದೇ ಇದಕ್ಕೆ ಸಾಲದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ತತ್ಸಮಾನ ಪದವಿ, ಇಲ್ಲವೆ ಕಿವಿ-ಮೂಗು-ಗಂಟಲು ಶಾಸ್ತ್ರದ ಉನ್ನತ ಪದವಿಯೊಂದಿಗೆ ಈ ಕೆಲಸದ ಅನುಭವ ಇರಬೇಕು. ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿರಿ. ಅರಿವಳಿಕೆ ತಜ್ಞರು ಯಾರು, ಅಪಾಯವಾದರೆ ತೀವ್ರ ನಿಗಾ ಘಟಕ ಎಲ್ಲಿದೆ ಎಂದೂ ಕೇಳಿರಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಬೊಜ್ಜು ತೆಗೆಸುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡರು. ಅಂದಕ್ಕಾಗಿ ಮಾಡಿದರೂ ಶಸ್ತ್ರಕ್ರಿಯೆ ಶಸ್ತ್ರಕ್ರಿಯೆಯೇ. ಕೊಯ್ಯದೆ ಸೂಜಿಮದ್ದಿನಿಂದ ಮೂಗು ಏರಿಸುತ್ತೇವೆನ್ನುವ ಬ್ಯೂಟಿ ಪಾರ್ಲರುಗಳಿಗಂತೂ ಹೋಗಲೇಬಾರದು. ಆ ಮದ್ದು ರಕ್ತನಾಳಕ್ಕೆ ಸೇರಿದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು.

ಹಣದ ವಿಷಯದಲ್ಲಿ ಶಸ್ತ್ರವೈದ್ಯರ ಶುಲ್ಕ, ಅರಿವಳಿಕೆ, ಹಾಸಿಗೆ, ಔಷಧ, ಸಂಬಳವಿಲ್ಲದ ರಜೆ, ಬೇಕಾದರೆ ಎರಡನೆಯ ಶಸ್ತ್ರಕ್ರಿಯೆ ಎಲ್ಲವನ್ನೂ ಒಂದೇ ಕಾಗದದ ಮೇಲೆ ಬರೆದು ಕೂಡಿಸಿರಿ. ಕೇವಲ ಅಂದಕ್ಕಾದರೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಊರಿಗೆ ಕಳಿಸುವ ಮನಿಯಾರ್ಡರು ನಿಲ್ಲಿಸಿ, ಬಡ್ಡಿಗೆ ಸಾಲ ತಂದು ಮಾಡಿಸಿಕೊಂಡರೆ ಮೂಗಿಗಿಂತ ಮೂಗುತಿ ಭಾರವಾದಂತೆ. ಆದರೆ ಅಪಘಾತದಲ್ಲಿ ಮೂಗು ಮುರಿದವರು, ಹುಟ್ಟಿನಿಂದಲೇ ಸೀಳುತುಟಿಯೊಂದಿಗೆ ಮೂಗು ಸೊಟ್ಟಗಿರುವವರು, ನಡುಗೋಡೆ ಬಾಗಿ ಉಸಿರಿಗೆ ಕಷ್ಟಪಡುವವರು ಹಿಂಜರಿಯಬಾರದು. ಚೆಂಬೂರಿಗೆ ಹತ್ತಿರದ ಸಯನ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ., ನಾಯರ್, ಜೆ.ಜೆ. ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಅವರಿಗೆ ಇದು ಶೋಕಿಯಲ್ಲ, ಚಿಕಿತ್ಸೆ.

ಹಾಗೆಂದು ಅಂದ ಬಯಸುವುದು ತಪ್ಪೆಂದು ನಾವು ಹೇಳುವುದಿಲ್ಲ. ತನಗಾಗಿ ಬಯಸಿ, ತಿಳಿದು, ಉಳಿಸಿದ ಹಣದಲ್ಲಿ ಮಾಡಿಸಿಕೊಂಡು ಸಂತೋಷವಾಗಿರುವವರೂ ಇದ್ದಾರೆ. ಪರರ ಬಾಯಿ ಮುಚ್ಚಿಸಲು ಮಾಡಿಸಿಕೊಂಡವರಿಗೆ ಮಾತ್ರ ತೃಪ್ತಿ ಕಷ್ಟ. ಇಂದು ಮೂಗು ಎಂದವರು ನಾಳೆ ಬಣ್ಣ ಎನ್ನುತ್ತಾರೆ. ಪರರ ಕಣ್ಣಿಗೆ ಕಾಣದಷ್ಟು ಸಣ್ಣ ಕೊರತೆ ಹಗಲಿರುಳೂ ಕಾಡುತ್ತಿದ್ದರೆ ಮೊದಲು ಮನೋವೈದ್ಯರನ್ನು ಕಾಣುವುದು ಹಿತ.

ಕೊನೆಯದಾಗಿ, ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿರಿ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿರೆಂದು ಕೇಳುವ ಹಕ್ಕು ನಿಮಗಿದೆ. ಇಂಗ್ಲಿಷ್ ಅಥವಾ ಮರಾಠಿ ಬಾರದವರು ಆ ಕಾಗದವನ್ನು ಮುಂಚಿತವಾಗಿ ಪಡೆದು ನಮ್ಮ ವಾಚನಾಲಯಕ್ಕೆ ತನ್ನಿರಿ. ಕೂತು ಕನ್ನಡದಲ್ಲಿ ಓದಿ ಹೇಳುತ್ತೇವೆ.